ಹೇರೆತ್ತಿನ ಲೆಕ್ಕ

ಹೈದರಾಬಾದಿನ ನಾಂಪಲ್ಲಿಯಿಂದ ಅಬಿಡ್ಸ್ ಕಡೆಗೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಗನ್‌ಫೌಂಡ್ರಿ ಸಿಗುತ್ತದೆ. ನಿಜಾಮನ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ 1786ರಲ್ಲಿ ಇಲ್ಲಿ ಫಿರಂಗಿ ಎರಕದ ಕಾರ್ಖಾನೆ ಕಟ್ಟಿಸಿದ. ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ 1798ರಲ್ಲೇ ಇಂಗ್ಲಿಷರು ಹೈದರಾಬಾದಿನ ಫ್ರೆಂಚ್ ಪಡೆಯ ಆಯುಧ ಕಸಿದುಕೊಂಡರು. ಮರುವರ್ಷ ನಿಜಾಮನ ದಂಡು ಇಂಗ್ಲಿಷರೊಡನೆ ಮೈಸೂರಿನ ಟಿಪ್ಪುವಿನ ಶ್ರೀರಂಗಪಟ್ಟಣದ ಮೇಲೆ ಹೊರಟಿತು. ಅದರ ಉಸ್ತುವಾರಿ ಆರ್ಥರ್ ವೆಲ್ಲೆಸ್ಲಿಯದು. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು ಇವನೇ.

ಆ ಕಾಲದ ಯುದ್ಧಗಳನ್ನು ಇಂದು ಕಂಪ್ಯೂಟರಿನಲ್ಲಿ ಆಡಬಹುದು. ಹೊಸಬರು ಸೋಲುವುದು ಹೆಚ್ಚಾಗಿ ಕಾಳಗದಲ್ಲಲ್ಲ, ಊಟದಲ್ಲಿ. ‘ಯುರೋಪಾ ಯೂನಿವರ್ಸಾಲಿಸ್’ ಆಟದಲ್ಲಿ ಪ್ರತಿಯೊಂದು ಪ್ರಾಂತ್ಯವೂ ಇಷ್ಟೇ ಸೈನ್ಯವನ್ನು ಸಾಕಬಲ್ಲದು ಎಂಬ ಮಿತಿ ಇದೆ. ಮಿತಿ ಮೀರಿದರೆ ಒಂದು ಗುಂಡೂ ಹಾರದೆ ತಿಂಗಳು ತಿಂಗಳೂ ಸೈನಿಕರು ಕರಗುತ್ತಾರೆ. ಉಗ್ರಾಣ ಕಟ್ಟಿಕೊಂಡರೆ ಉಳಿಗಾಲ. ನಿಯಮ ಸರಿಯೇ. ಆದರೆ ಅದರ ಹಿಂದಿರುವ ಕಾರಣ ತೆರೆಯ ಮೇಲೆ ಕಾಣುವುದಿಲ್ಲ. ಆ ಕಾರಣ ಹುಲ್ಲು.

ಲೆಕ್ಕ ಹಾಕಿ ನೋಡೋಣ. ಒಂದು ಹೇರೆತ್ತು 100 ಕಿಲೋ ಹೊರುತ್ತದೆ, ದಿನಕ್ಕೆ 15 ಕಿಲೋಮೀಟರ್ ನಡೆಯುತ್ತದೆ ಎಂದಿಟ್ಟುಕೊಳ್ಳಿ. 300 ಕಿಲೋ ತೂಕದ ಎತ್ತಿಗೆ ದಿನಕ್ಕೆ ಸುಮಾರು 7 ಕಿಲೋ ಒಣಮೇವು ಬೇಕು. ದಾರಿಯಲ್ಲಿ ಮೇವು ಸಿಗದಿದ್ದರೆ ಹೊತ್ತದ್ದನ್ನೇ ತಿನ್ನಿಸಬೇಕು. ಬೆಂಗಳೂರಿನಿಂದ ಶ್ರೀರಂಗಪಟ್ಟಣ ಸುಮಾರು 125 ಕಿಲೋಮೀಟರ್, ಅಂದರೆ ಒಂಬತ್ತು ದಿನ. ತಲುಪುವ ಹೊತ್ತಿಗೆ ಎತ್ತು 63 ಕಿಲೋ ತಿಂದಿರುತ್ತದೆ. ಉಳಿದ 37 ಕಿಲೋ ಅದರ ವಾಪಸು ದಾರಿಗೇ ಸಾಲದು. ಸೈನಿಕನಿಗೆ ಒಂದು ಕಾಳೂ ಇಲ್ಲ. ಹಾಗಿದ್ದರೆ ಹತ್ತು ಪಟ್ಟು ಎತ್ತು ಹೂಡಿದರೆ? ಹೊರುವುದೂ ಹತ್ತು ಪಟ್ಟು, ತಿನ್ನುವುದೂ ಹತ್ತು ಪಟ್ಟು. ಮುಟ್ಟಬಹುದಾದ ದೂರ ಒಂದು ಹರದಾರಿಯೂ ಹೆಚ್ಚುವುದಿಲ್ಲ. ದಾರಿಬದಿಯಲ್ಲಿ ಮೇಯಲು ಹುಲ್ಲಿದ್ದರೆ ಮಾತ್ರ ಈ ಗೋಡೆ ಕುಸಿಯುತ್ತದೆ.

ಟಿಪ್ಪುವಿಗೆ ಇದು ಚೆನ್ನಾಗಿ ಗೊತ್ತಿತ್ತು. 1791ರ ಮೇ ತಿಂಗಳಲ್ಲಿ ಇಂಗ್ಲಿಷ್ ದಂಡಿನ ಮುಖ್ಯಸ್ಥ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟಾಗ ಮೈಸೂರಿನವರು ಅವನ ದಾರಿಯ ಮೇವನ್ನೆಲ್ಲ ಸುಟ್ಟರು. ಅವನ ಜೊತೆಗಿದ್ದ ನಿಜಾಮನ ಸಾವಿರಾರು ಕುದುರೆಗಳು ನೆರವಾಗುವ ಬದಲು ಇದ್ದಬದ್ದ ಮೇವಿಗೂ ಬಾಯಿ ಹಾಕಿದವು. ಮೇ 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸ್ ಕಾಳಗ ಗೆದ್ದ. ಆದರೆ ಫಿರಂಗಿ ಎಳೆಯಲು ಎತ್ತುಗಳೇ ಉಳಿದಿರಲಿಲ್ಲ. ಮುತ್ತಿಗೆಯ ಭಾರಿ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ದಾರಿಯಲ್ಲಿ ಎದುರಾದ ಮರಾಠರ ದಂಡಿನೊಂದಿಗೆ ಧಾನ್ಯ ತುಂಬಿದ ಬಜಾರೇ ನಡೆದು ಬರುತ್ತಿತ್ತು.

ಮುಂದಿನ ಸಲ ಅವನು ಆತುರಪಡಲಿಲ್ಲ. ನಂದಿದುರ್ಗ, ಸಾವನದುರ್ಗ, ಹುಲಿಯೂರುದುರ್ಗಗಳನ್ನು ಮೊದಲು ಹಿಡಿದು ದಾರಿ ಭದ್ರಮಾಡಿಕೊಂಡು, 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತ. 1799ರಲ್ಲಿ ಟಿಪ್ಪು ಮತ್ತೆ ಮೇವು ಸುಡಿಸಿದ. ಈ ಸಲ ಇಂಗ್ಲಿಷ್ ದಂಡನ್ನು ನಡೆಸಿದ ಜನರಲ್ ಹ್ಯಾರಿಸ್ ನಿರೀಕ್ಷಿತ ದಾರಿ ಬಿಟ್ಟು ಸೋಸಲೆಯ ಬಳಿ ಕಾವೇರಿ ದಾಟಿ, ಹುಲ್ಲು ಉಳಿದಿದ್ದ ಸೀಮೆಯಲ್ಲಿ ನಡೆದ. ಆದರೂ ಏಪ್ರಿಲ್ ನಡುವಿನಲ್ಲಿ ಅಕ್ಕಿ ಅಳೆಸಿದಾಗ, ಅರ್ಧ ಪಡಿಯ ಲೆಕ್ಕದಲ್ಲಿ ಉಳಿದದ್ದು ಹದಿನೆಂಟು ದಿನಕ್ಕಷ್ಟೇ. ಕೋಟೆ ಬಿದ್ದದ್ದು ಮೇ 4ರಂದು. ಟಿಪ್ಪುವಿನ ಕೊನೆಯನ್ನು ಶೌರ್ಯ, ದ್ರೋಹಗಳ ಕಥೆಯಾಗಿ ಎಷ್ಟೋ ಸಲ ಕೇಳಿದ್ದೇವೆ. ಮಳೆಗಾಲ ಬಂದು ಕಾವೇರಿ ತುಂಬುವವರೆಗೆ ಕೋಟೆ ತಡೆದಿದ್ದರೆ ಹೊರಗಿದ್ದವರ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆಗೂ ಆ ಕಥೆಯಲ್ಲಿ ಜಾಗ ಬೇಕು ಎಂಬುದು ನನ್ನ ನಂಬಿಕೆ.

ಮೇವು ಬಿಟ್ಟರೆ ಲೆಕ್ಕಕ್ಕೆ ಬರುವುದು ಎತ್ತಿನ ತಳಿ. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ ಎಂಬ ದನದ ಹಿಂಡುಗಳನ್ನು ಹೈದರ್ ಬೆಳೆಸಿದ, ಟಿಪ್ಪು ಅಮೃತ ಮಹಲ್ ಎಂದು ಕರೆದ. ಬೇಗ ನಡೆಯುವ, ಒಣ ಹುಲ್ಲಿನಲ್ಲೇ ಬದುಕುವ ಈ ಎತ್ತುಗಳು 1799ರ ನಂತರ ವೆಲ್ಲೆಸ್ಲಿಯ ತೋಪುಗಳನ್ನು ಎಳೆದವು.

ಯುರೋಪಿನ ನಕ್ಷೆಗೆಂದು ಬರೆದ ಆಟದ ನಿಯಮಗಳು ದಖನ್ನಿಗೆ ಬಂದಾಗ ಕೈಬಿಡುವುದು ಲಂಬಾಣಿಗಳನ್ನು. ಇಲ್ಲಿ ಧಾನ್ಯ ಹೊತ್ತದ್ದು ಬಹುಪಾಲು ಸರ್ಕಾರಿ ಬಂಡಿಗಳಲ್ಲ. ನಾಯಕನ ಮಾತಿಗೆ ನಡೆಯುವ ತಾಂಡಾಗಳು, ಸಾವಿರಾರು ಎತ್ತುಗಳ ಮೇಲೆ ಗೋಣಿ ಹೇರಿ, ದಾರಿಯಲ್ಲೇ ಮೇಯಿಸುತ್ತ ಬರುತ್ತಿದ್ದವು. ಅವರು ದಂಡಿನ ಆಳುಗಳಲ್ಲ, ವ್ಯಾಪಾರಿಗಳು. ಬೆಲೆ ಸಿಕ್ಕಿ, ದಾರಿಯಲ್ಲಿ ಲೂಟಿಯಾಗದೆಂಬ ಭರವಸೆ ಇದ್ದರೆ ಬರುತ್ತಿದ್ದರು. ಇಲ್ಲದಿದ್ದರೆ ತಾಂಡಾ ಬೇರೆ ಕಡೆ ತಿರುಗುತ್ತಿತ್ತು. ದಖನ್ನಿನ ಯುದ್ಧವನ್ನು ಆಟವಾಗಿಸುವವರು ಉಗ್ರಾಣದ ಚಿಹ್ನೆಯ ಪಕ್ಕದಲ್ಲಿ ಧಾನ್ಯದ ಧಾರಣೆಯನ್ನೂ ಮಳೆಯ ತಿಂಗಳುಗಳನ್ನೂ ತಾಂಡಾದ ನಾಯಕನನ್ನೂ ಇಡಬೇಕು. ಅವನು ಬಾರದಿರಲೂ ಬಹುದು ಎಂಬ ನಿಯಮವೂ ಅಲ್ಲಿರಬೇಕು.