ಕಂಪ್ರೆಶನ್ ಸಾಕ್ಸ್: ಯಾರಿಗೆ ಬೇಕು, ಯಾರಿಗೆ ಬೇಡ

ಈ ಸಲದ ವಿಷಯ ಕಾಲುಚೀಲ. ಹೃದಯದ ಡಾಕ್ಟರಿಗೆ ಕಾಲುಚೀಲದ ಉಸಾಬರಿ ಯಾಕೆ ಎಂದು ನಗಬೇಡಿ. ಪರೇಲಿನ ನನ್ನ ಒಪಿಡಿಗೆ ಬರುವ ನಮ್ಮವರು ಬಿಪಿ, ಎದೆನೋವಿನ ಮಾತೆಲ್ಲ ಮುಗಿಸಿ, ಏಳುವಾಗ ಕೇಳುವ ಕೊನೆಯ ಪ್ರಶ್ನೆ ಇದೇ: "ಡಾಕ್ಟ್ರೇ, ಸಂಜೆ ಆದ್ರೆ ಕಾಲು ಬಾತುಕೊಳ್ಳುತ್ತೆ. ಮೊಬೈಲಲ್ಲಿ ಬಿಗಿ ಸಾಕ್ಸ್ ನೋಡಿದೆ, ತರಿಸ್ಲಾ?"

ಹೃದಯದಿಂದ ಕಾಲಿಗೆ ರಕ್ತ ಇಳಿಯುವುದು ಸುಲಭ, ವಾಪಸ್ ಹತ್ತುವುದು ಕಷ್ಟ. ಹತ್ತಿಸುವ ಕೆಲಸ ಮೀನಖಂಡದ ಸ್ನಾಯುಗಳದ್ದು. ನಡೆದಾಗ ಅವು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತವೆ, ಒಳಗಿನ ಪುಟ್ಟ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯುತ್ತವೆ. ಅಲುಗಾಡದೆ ನಿಂತಾಗ ಹಿಮ್ಮಡಿಗಂಟಿನ ಬಳಿ ಅಭಿಧಮನಿಯ ಒತ್ತಡ 80-100 ಮಿ.ಮೀ. ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಕಾಲಿಗೆ ಶತ್ರು ಓಡಾಟವಲ್ಲ, ನಿಂತಲ್ಲೇ ನಿಲ್ಲುವುದು. ಮಾಟುಂಗಾದ ಉಡುಪಿ ಹೋಟೆಲುಗಳನ್ನೇ ನೋಡಿ. ದಿನವಿಡೀ ಓಡಾಡುವ ಸಪ್ಲೈಯರ್‌ಗಿಂತ ದೋಸೆ ಕಾವಲಿಯ ಮುಂದೆ ಗಂಟೆಗಟ್ಟಲೆ ನಿಲ್ಲುವವನ ಕಾಲಿಗೇ ತೊಂದರೆ ಹೆಚ್ಚು. ಪರೇಲಿನ ಗಿರಣಿಗಳಲ್ಲಿ ಮಗ್ಗದ ಮುಂದೆ ಪಾಳಿಯಿಡೀ ನಿಂತವರ ಕಥೆಯೂ ಇದೇ ಆಗಿತ್ತು. ಗಿರಣಿ ಹೋಗಿ ಮಾಲ್ ಬಂತು, ಈಗ ಸೆಕ್ಯೂರಿಟಿಯವರೂ ಸೇಲ್ಸ್ ಹುಡುಗಿಯರೂ ನಿಂತಿದ್ದಾರೆ. ವರ್ಷಗಟ್ಟಲೆ ಹೀಗಾದರೆ ಕವಾಟ ಸಡಿಲವಾಗಿ ನಾಳಗಳು ಹಾವಿನಂತೆ ಉಬ್ಬುತ್ತವೆ. ನಾವು "ನರ ಉಬ್ಬಿದೆ" ಅನ್ನುತ್ತೇವಲ್ಲ, ಅದು ನರವಲ್ಲ, ಅಭಿಧಮನಿ. ವೆರಿಕೋಸ್ ವೇನ್ಸ್ ಎಂದರೆ ಅದೇ.

ಬಿಗಿ ಸಾಕ್ಸಿನ ಹಿಂದೆ ಒಂದು ಒಳ್ಳೆಯ ಕಥೆಯಿದೆ. ಅಮೆರಿಕದಲ್ಲಿ ಕಾನ್ರಾಡ್ ಜಾಬ್ಸ್ಟ್ ಎಂಬ ಎಂಜಿನಿಯರ್ ಇದ್ದ. ಅವನಿಗೇ ಕಾಲಲ್ಲಿ ವಾಸಿಯಾಗದ ಹುಣ್ಣು. ಈಜುಕೊಳದಲ್ಲಿ ನಿಂತಾಗ ನೋವು ಕಡಿಮೆಯಾಗುವುದನ್ನು ಅವನು ಗಮನಿಸಿದ. ನೀರಿನ ಒತ್ತಡ ಆಳದಲ್ಲಿ ಹೆಚ್ಚು, ಮೇಲೆ ಬಂದಂತೆ ಕಡಿಮೆ. ಅದನ್ನೇ ಬಟ್ಟೆಯಲ್ಲಿ ತಂದರೆ? 1950ರ ದಶಕದಲ್ಲಿ ಅವನು ಮಾಡಿದ ಸ್ಟಾಕಿಂಗಿನ ತತ್ವವೇ ಇಂದಿಗೂ ನಡೆದಿದೆ: ಹಿಮ್ಮಡಿಗಂಟಿನಲ್ಲಿ ಹೆಚ್ಚು ಬಿಗಿ, ಮೊಣಕಾಲಿನತ್ತ ಹೋದಂತೆ ಸಡಿಲ. ಮೇಲಿಂದ ಕೆಳಗೆ ಒಂದೇ ಬಿಗಿಯ, ಫುಟ್‌ಪಾತಿನ ನೂರು ರೂಪಾಯಿಯ ಮಾಲು ಇದಲ್ಲ.

ನಿಂತು ದುಡಿಯುವವರ ಕಾಲಿನ ಭಾರ, ಸಂಜೆಯ ಊತಕ್ಕೆ 15-20 ಮಿ.ಮೀ. ಪಾದರಸದ್ದು ಸಾಕು. ವೆರಿಕೋಸ್ ಇದ್ದರೆ 20-30ರದ್ದು, ಡಾಕ್ಟರ್ ಹೇಳಿದ ಮೇಲೆ. ಪೆಟ್ಟಿಗೆಯ ಮೇಲಿನ "ಕ್ಲಾಸ್ 1, ಕ್ಲಾಸ್ 2" ನಂಬಬೇಡಿ. ಅದರ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಒತ್ತಡದ ಅಂಕಿ ನೋಡಿ ಕೊಳ್ಳಿ. ಸಾಕ್ಸ್ ಹಾಕಿದರೆ ನೋವು, ಊತ ಇಳಿಯುತ್ತದೆ. ಉಬ್ಬಿದ ನಾಳ ಮಾತ್ರ ಮಾಯವಾಗುವುದಿಲ್ಲ, ಹಾಗೆನ್ನುವ ಜಾಹೀರಾತು ಸುಳ್ಳು.

ಇನ್ನು ಊರಿನ ಪ್ರಯಾಣ. ಮತ್ಸ್ಯಗಂಧದಲ್ಲೋ ಬಸ್ಸಿನಲ್ಲೋ ರಾತ್ರಿಯಿಡೀ, ಮಕ್ಕಳ ಮನೆಗೆ ಅಮೆರಿಕಕ್ಕಾದರೆ ದಿನವೇ ಕಳೆಯುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಕೂತೇ ಇದ್ದರೆ ಕಾಲಿನ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಏರುತ್ತದೆ. ಆರೋಗ್ಯವಂತರಿಗೆ ಈ ಅಪಾಯ ಚಿಕ್ಕದು. ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಆಪರೇಶನ್ ಆದವರು, ಗರ್ಭಿಣಿಯರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ಚಿಕ್ಕದಲ್ಲ. ಇಲ್ಲಿಯ ಟಾಟಾ ಆಸ್ಪತ್ರೆಯಲ್ಲಿ ಕೀಮೋ ಮುಗಿಸಿ ಊರಿಗೆ ಹೊರಡುವವರನ್ನೂ ಸೇರಿಸಿ. ಇವರೆಲ್ಲ ಹೊರಡುವ ಮುನ್ನ ಡಾಕ್ಟರನ್ನು ಕೇಳಬೇಕು. ಕೆಲವರಿಗೆ ಸಾಕ್ಸ್ ಸಾಲದು, ಇಂಜೆಕ್ಷನ್ನೇ ಬೇಕಾಗಬಹುದು. ವಿಮಾನ ಪ್ರಯಾಣಿಕರ ಅಧ್ಯಯನಗಳಲ್ಲಿ ಮೊಣಕಾಲಿನವರೆಗಿನ ಸಾಕ್ಸ್ ಹಾಕಿದವರಿಗೆ ಹೆಪ್ಪು ಕಡಿಮೆ ಕಂಡಿದೆ. ಬಸ್ಸಿನಲ್ಲಿ ಟಾಯ್ಲೆಟ್ ಇಲ್ಲವೆಂದು ನೀರೇ ಕುಡಿಯದೆ ಕೂರುವ ನಮ್ಮ ಹೆಂಗಸರು ಊಟಕ್ಕೆ ನಿಲ್ಲಿಸಿದಾಗಲಾದರೂ ಇಳಿದು ನಾಲ್ಕು ಹೆಜ್ಜೆ ಹಾಕಿ.

ಈಗ ಮುಖ್ಯ ಮಾತು. ಸ್ವಲ್ಪ ನಡೆದರೂ ಮೀನಖಂಡ ನೋಯುತ್ತದೆ, ನಿಂತರೆ ಸರಿಹೋಗುತ್ತದೆ, ಪಾದ ತಣ್ಣಗಿರುತ್ತದೆ ಎಂದಾದರೆ ಅದು ಅಪಧಮನಿಯ ತೊಂದರೆಯಿರಬಹುದು. ಬೀಡಿ ಸಿಗರೇಟು ಸೇದುವವರಲ್ಲಿ, ಶುಗರ್ ಇರುವವರಲ್ಲಿ ಇದು ಹೆಚ್ಚು. ಕೆಳಗಿಳಿಯುವ ರಕ್ತವೇ ಕಡಿಮೆಯಿರುವಾಗ ಬಿಗಿ ಸಾಕ್ಸ್ ಹಾಕಿದರೆ ಚರ್ಮ ಸತ್ತುಹೋದೀತು. ಶುಗರ್‌ನಿಂದ ಪಾದ ಜೋಮು ಹಿಡಿದವರಿಗೆ ಗಾಯವಾದದ್ದೂ ತಿಳಿಯುವುದಿಲ್ಲ. ಕೈಯ ಬಿಪಿ, ಕಾಲಿನ ಬಿಪಿ ಹೋಲಿಸುವ ಸರಳ ಪರೀಕ್ಷೆ ಇದೆ, ಮೊದಲು ಮಾಡಿಸಿ.

ಎರಡೂ ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ, ನಾಲ್ಕೈದು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ಅದು ಹೃದಯದ ನೀರು. ಸಾಕ್ಸ್ ಹಾಕಿ ಅದನ್ನು ಮೇಲಕ್ಕೆ ದೂಡಬೇಡಿ, ಅಂದೇ ಬನ್ನಿ. ಬಿಪಿಗೆ ಆಮ್ಲೋಡಿಪಿನ್ ನುಂಗುವ ಹಲವರಿಗೆ ಆ ಮಾತ್ರೆಯಿಂದಲೇ ಪಾದ ಊದುತ್ತದೆ. ನೀವೇ ನಿಲ್ಲಿಸಬೇಡಿ, ಡಾಕ್ಟರ್ ಬದಲಿಸಿ ಕೊಡುತ್ತಾರೆ. ಒಂದೇ ಕಾಲು ದಿಢೀರ್ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಹೆಪ್ಪಿನ ಅನುಮಾನ. ಅದಕ್ಕೆ ತಿಕ್ಕುವುದು, ಎಣ್ಣೆ ಮಾಲೀಶು ಯಾವುದೂ ಬೇಡ, ಅದೇ ದಿನ ಡಾಪ್ಲರ್ ಸ್ಕ್ಯಾನ್ ಆಗಬೇಕು. ಜೊತೆಗೆ ಉಸಿರಾಟದ ತೊಂದರೆಯೋ ಎದೆನೋವೋ ಇದ್ದರೆ ನೇರ ಕ್ಯಾಶುಯಲ್ಟಿಗೆ.

ಆಸ್ಪತ್ರೆಯಿಂದ ಮನೆಗೆ ತಂದ ಬಿಳಿ ಸ್ಟಾಕಿಂಗ್ ಮಲಗಿರುವ ರೋಗಿಗಾಗಿ ಮಾಡಿದ್ದು, ಅದನ್ನು ಅಪ್ಪನ ನಂತರ ಅಮ್ಮ ಹಾಕಿಕೊಂಡು ಅಡುಗೆಮನೆಯಲ್ಲಿ ನಿಲ್ಲುವುದು ಬೇಡ. ಲಕ್ವ ಹೊಡೆದವರಿಗೆ ತೊಡೆಯವರೆಗೆ ಹಾಕಿದರೆ ಒಳ್ಳೆಯದೆಂಬ ನಂಬಿಕೆಯೂ 2009ರ ಕ್ಲಾಟ್ಸ್ ಅಧ್ಯಯನದ ನಂತರ ಉಳಿದಿಲ್ಲ. ಹೆಪ್ಪು ಕಡಿಮೆಯಾಗಲಿಲ್ಲ, ಚರ್ಮ ಮಾತ್ರ ಕೆಟ್ಟಿತು.

ಅಳತೆಯನ್ನು ಬೆಳಿಗ್ಗೆ, ಊತ ಇಲ್ಲದಾಗ ಕೊಡಿ: ಹಿಮ್ಮಡಿಗಂಟಿನ ಸುತ್ತಳತೆ, ಮೀನಖಂಡದ ಸುತ್ತಳತೆ. ಮೊಣಕಾಲಿನವರೆಗಿನದು ಸಾಕು, ಮುಂಬೈ ಸೆಕೆಯಲ್ಲಿ ತೊಡೆಯವರೆಗಿನದನ್ನು ಯಾರೂ ವಾರಕ್ಕಿಂತ ಹೆಚ್ಚು ಹಾಕುವುದಿಲ್ಲ. ಎದ್ದ ಕೂಡಲೇ ಹಾಕಿ, ಮಲಗುವಾಗ ತೆಗೆಯಿರಿ. ಮೇಲಿನ ಅಂಚನ್ನು ಮಡಚಬೇಡಿ, ಮಡಿಕೆ ಹಗ್ಗದಂತೆ ಕಟ್ಟುತ್ತದೆ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ತೆಗೆಯಿರಿ. ಬಗ್ಗಲಾಗದ ಹಿರಿಯರು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತದೆ. ಎರಡು ಜೊತೆ ಇಟ್ಟುಕೊಳ್ಳಿ, ಕೈಯಲ್ಲಿ ಒಗೆದು ಹಿಂಡದೆ ನೆರಳಲ್ಲಿ ಒಣಗಿಸಿ. ದಿನಾ ಹಾಕಿದರೆ ಆರು ತಿಂಗಳಿಗೆ ಬಿಗಿ ಹೋಗುತ್ತದೆ, ಆಮೇಲೆ ಹೊಸದು ಕೊಳ್ಳಿ.