ಹಳೆ ವೆಬ್‌ಸೈಟಿಗೆ ಹೊಸ ಪುಟ ಸೇರಿಸುವಾಗ ದಾರಿ ತಪ್ಪದಿರಲಿ

ಸೊಲ್ಲಾಪುರದಿಂದ ಹೊರಟ ರೈಲಿಗೆ ಹೊಟಗಿ ಜಂಕ್ಷನ್‌ನಲ್ಲಿ ಎರಡು ದಾರಿ. ಒಂದು ವಿಜಯಪುರ, ಗದಗ ಕಡೆಗೆ. ಇನ್ನೊಂದು ಅಕ್ಕಲಕೋಟೆ ರೋಡ್ ಸ್ಟೇಷನ್ ಮೂಲಕ ಕಲಬುರಗಿ ಕಡೆಗೆ. ಯಾವ ಗಾಡಿ ಎತ್ತ ಹೋಗಬೇಕೆಂದು ಮೊದಲೇ ನಿಶ್ಚಯವಾಗಿರಬೇಕು. ವೆಬ್‌ಸೈಟ್‌ನಲ್ಲಿ ಆ ಕೆಲಸ ಮಾಡುವುದು ಯುಆರ್‌ಎಲ್ ರೂಟಿಂಗ್.

ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್‌ನಲ್ಲಿ 2002ರಲ್ಲಿ ವೆಬ್ ಫಾರ್ಮ್ಸ್ ಬಂತು. ಅಲ್ಲಿ ವಿಳಾಸ ಅಂದರೆ ಸರ್ವರ್‌ನಲ್ಲಿರುವ ಫೈಲಿನ ಹೆಸರು. 2009ರಲ್ಲಿ ಬಂದ ಎಂವಿಸಿಯಲ್ಲಿ ವಿಳಾಸಕ್ಕೆ ಫೈಲ್ ಬೇಕಿಲ್ಲ, ಕಂಟ್ರೋಲರ್ ಮತ್ತು ಆಕ್ಷನ್ ಹೆಸರು ಸಾಕು. ಎರಡನ್ನೂ ಒಂದೇ ಸೈಟಿನಲ್ಲಿ ನಡೆಸಬಹುದು.

ಸೊಲ್ಲಾಪುರದ ಒಂದು ಚಾದರ ಅಂಗಡಿಗೆ ವೆಬ್ ಫಾರ್ಮ್ಸ್‌ನ ಹಳೆ ಸೈಟ್ ಇದೆ ಎಂದಿಟ್ಟುಕೊಳ್ಳಿ. ಅಕ್ಕಲಕೋಟೆ ಶಾಖೆಯ ಆರ್ಡರ್ ಪುಟ ಮಾತ್ರ ಎಂವಿಸಿಯಲ್ಲಿ ಬರಬೇಕು. ಹಳೆ ಲಿಂಕ್ ಬಿಲ್ ಮೇಲೆ ಅಚ್ಚಾಗಿದೆ, ಮಂಗಳೂರಿನ ಗಿರಾಕಿಗಳ ವಾಟ್ಸಾಪ್‌ನಲ್ಲೂ ಇದೆ. ಅದು ತೆರೆಯದಿದ್ದರೆ ವ್ಯಾಪಾರ ಬೇರೆಯವರ ಪಾಲು. ಹಾಗಾಗಿ ನಾಲ್ಕು ಸಂಗತಿ ಗಮನದಲ್ಲಿರಲಿ.

1. ಇರುವ ಫೈಲಿಗೆ ಮೊದಲ ಹಕ್ಕು: ಸರ್ವರ್‌ನಲ್ಲಿ ನಿಜವಾಗಿ ಇರುವ ಫೈಲ್ ಅಥವಾ ಫೋಲ್ಡರ್‌ನ ವಿಳಾಸವನ್ನು ರೂಟಿಂಗ್ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಾಗಾಗಿ ಹಳೆ ಪುಟಗಳು ತಾವಾಗಿ ನಡೆಯುತ್ತವೆ. ಆದರೆ ‘ಅಕ್ಕಲಕೋಟ್’ ಎಂಬ ಫೋಲ್ಡರೂ ಅದೇ ಹೆಸರಿನ ಕಂಟ್ರೋಲರೂ ಇದ್ದರೆ ಎಡವಟ್ಟು. ಕೋರಿಕೆ ಫೋಲ್ಡರ್‌ಗೇ ಹೋಗುತ್ತದೆ, ಒಳಗೆ ಡಿಫಾಲ್ಟ್ ಪುಟ ಇಲ್ಲದಿದ್ದರೆ 403 ಎರರ್ ಬರುತ್ತದೆ. ಫೋಲ್ಡರ್ ಹೆಸರು ಬದಲಿಸಿ.

2. ಸರದಿ ಮುಖ್ಯ: ರೂಟ್‌ಗಳನ್ನು ಮೇಲಿನಿಂದ ಕೆಳಕ್ಕೆ ನೋಡಲಾಗುತ್ತದೆ, ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಎಂವಿಸಿಯ ಡಿಫಾಲ್ಟ್ ರೂಟ್ ಸಣ್ಣ ವಿಳಾಸಗಳನ್ನೆಲ್ಲ ಬಾಚಿಕೊಳ್ಳುತ್ತದೆ. ಆದ್ದರಿಂದ ಬಿಟ್ಟುಬಿಡಬೇಕಾದ ವಿಳಾಸಗಳಿಗೆ ಇಗ್ನೋರ್‌ರೂಟ್ ಮೊದಲು, ಹಳೆ ಪುಟಕ್ಕೆ ಚಿಕ್ಕ ವಿಳಾಸ ಕೊಡುವ ಮ್ಯಾಪ್‌ಪೇಜ್‌ರೂಟ್ ನಂತರ, ಡಿಫಾಲ್ಟ್ ಕೊನೆಗೆ. ಇದರಿಂದ ಎಂವಿಸಿ ಲಿಂಕ್‌ಗಳು ಹಳೆ ಪುಟದ ವಿಳಾಸ ಹಿಡಿದರೆ, ರೂಟ್ ಹೆಸರು ಹೇಳಿ ರೂಟ್‌ಲಿಂಕ್ ಬಳಸಿ.

3. ಮುಖಪುಟ: ಬರೀ ಡೊಮೇನ್ ಹೆಸರು ಟೈಪ್ ಮಾಡಿದರೆ ಡಿಫಾಲ್ಟ್ ರೂಟ್ ಹೋಮ್ ಕಂಟ್ರೋಲರನ್ನು ಹುಡುಕುತ್ತದೆ. ಹಳೆ ಮುಖಪುಟವೇ ಬೇಕಿದ್ದರೆ ಖಾಲಿ ವಿಳಾಸವನ್ನೂ ಇಗ್ನೋರ್ ಪಟ್ಟಿಗೆ ಸೇರಿಸಿ.

4. ಅಳಿಸುವ ಮುನ್ನ: ಹಳೆ ಫೈಲ್ ತೆಗೆಯುವುದಾದರೆ ಅದರ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿ. ಗೂಗಲ್‌ಗೂ ಗಿರಾಕಿಗೂ ಹೊಸ ದಾರಿ ಸಿಗುತ್ತದೆ.

ಸೈಟ್ ಬಿಡುಗಡೆಗೆ ಮುಂಚೆ ಬಿಲ್, ವಿಸಿಟಿಂಗ್ ಕಾರ್ಡ್, ವಾಟ್ಸಾಪ್‌ನಲ್ಲಿರುವ ಹಳೆ ಲಿಂಕ್‌ಗಳ ಪಟ್ಟಿ ಮಾಡಿ ಒಂದೊಂದನ್ನೂ ತೆರೆದು ನೋಡಬೇಕು. ವೆಬ್ ಕೆಲಸ ಕಲಿಯುತ್ತಿರುವ ಯುವಕ ಯುವತಿಯರು ಇದನ್ನು ರೂಢಿ ಮಾಡಿಕೊಂಡರೆ, ಕೆಲಸ ಕೊಟ್ಟ ವ್ಯಾಪಾರಿಯ ನಂಬಿಕೆಯೂ ಉಳಿಯುತ್ತದೆ.