9ರಲ್ಲಿ ಜೀವಶಾಸ್ತ್ರ, 10ರಲ್ಲಿ ರಸಾಯನ, 11ರಲ್ಲಿ ಭೌತ: ಮನೆಯಲ್ಲೇ ಓದುವ ಮಕ್ಕಳಿಗೆ ಈ ಪಟ್ಟಿ ಸರಿಯೇ?

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಟ್ಟಿ ಆಗಾಗ ಹರಿದಾಡುತ್ತದೆ. 6ನೇ ತರಗತಿಯಲ್ಲಿ ಭೂವಿಜ್ಞಾನ, 7ರಲ್ಲಿ ಜೀವವಿಜ್ಞಾನ, 8ರಲ್ಲಿ ಭೌತ-ರಸಾಯನ, ನಂತರ 9ರಲ್ಲಿ ಜೀವಶಾಸ್ತ್ರ, 10ರಲ್ಲಿ ರಸಾಯನಶಾಸ್ತ್ರ, 11ರಲ್ಲಿ ಭೌತಶಾಸ್ತ್ರ. ವರ್ಷಕ್ಕೊಂದೇ ವಿಷಯ, ತಲೆಬಿಸಿ ಇಲ್ಲ. ಇದರ ಬೆನ್ನಿಗೇ ಇನ್ನೆರಡು ಮಾತುಗಳೂ ಬರುತ್ತವೆ: "14 ವರ್ಷದವರೆಗೆ ವಿಜ್ಞಾನ ಓದಿಸುವುದೇ ಬೇಡ, ಆಮೇಲೆ ಎನ್‌ಐಒಎಸ್‌ನಲ್ಲಿ ಆರು ತಿಂಗಳಲ್ಲಿ ಮುಗಿಸಬಹುದು" ಎಂದು ಒಂದು, "ಎನ್‌ಐಒಎಸ್‌ನಲ್ಲಿ ಓದಿದವರು ನೀಟ್ ಬರೆಯುವಂತಿಲ್ಲ" ಎಂದು ಇನ್ನೊಂದು.

ಮೂರನ್ನೂ ಒಂದೊಂದಾಗಿ ನೋಡೋಣ. ಮೊದಲನೆಯದು ಸುಳ್ಳಲ್ಲ, ಆದರೆ ಬೇರೆ ದೇಶದ್ದು. ಎರಡನೆಯದು ಅಪಾಯಕಾರಿ. ಮೂರನೆಯದು ಈಗ ಸುಳ್ಳು.

ಈ ಪಟ್ಟಿ ಎಲ್ಲಿಂದ ಬಂತು?

ಇದು ಅಮೆರಿಕದ ಹೈಸ್ಕೂಲುಗಳ ಕ್ರಮ. ಅಲ್ಲಿನ ಹೋಮ್‌ಸ್ಕೂಲ್ ಪುಸ್ತಕಗಳು ಅದನ್ನೇ ಅನುಸರಿಸುತ್ತವೆ, ಆ ಪುಸ್ತಕಗಳ ಜೊತೆ ಪಟ್ಟಿಯೂ ಇಲ್ಲಿಗೆ ಬಂದಿದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಹೀಗೆ ಸಾಲಾಗಿ ಬರುವುದರಿಂದಲೇ ಈ ಕ್ರಮ ಎಂದು ಕೆಲವರು ಹೇಳುವುದುಂಟು. ಅದು ತಮಾಷೆಯ ಮಾತಷ್ಟೇ. ನಿಜವಾದ ಕಾರಣ ಇತಿಹಾಸದಲ್ಲಿದೆ. 1892ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಮುಂದಾಳತ್ವದಲ್ಲಿ ಹತ್ತು ಜನರ ಸಮಿತಿಯೊಂದು ಅಮೆರಿಕದ ಹೈಸ್ಕೂಲುಗಳಲ್ಲಿ ಯಾವ ವಿಷಯವನ್ನು ಯಾವಾಗ ಕಲಿಸಬೇಕೆಂದು ಚರ್ಚೆಗೆ ಕೂತಿತು. ಮುಂದಿನ ಕೆಲವು ದಶಕಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಶರೀರಶಾಸ್ತ್ರ ಒಂದಾಗಿ 'ಜೀವಶಾಸ್ತ್ರ'ವಾಯಿತು. ಅದಕ್ಕೆ ಲೆಕ್ಕ ಹೆಚ್ಚು ಬೇಕಿರಲಿಲ್ಲ, ಹಾಗಾಗಿ ಮೊದಲು ಬಂತು. ಭೌತಶಾಸ್ತ್ರಕ್ಕೆ ಗಣಿತ ಹೆಚ್ಚು ಬೇಕು, ಹಾಗಾಗಿ ಕೊನೆಗೆ ಹೋಯಿತು.

ಅಂದಿನ ಜೀವಶಾಸ್ತ್ರವೆಂದರೆ ಬಹುಪಾಲು ಗಿಡ, ಪ್ರಾಣಿಗಳ ವಿವರಣೆ, ವರ್ಗೀಕರಣ. ಡಿಎನ್‌ಎಯ ರಚನೆ ಗೊತ್ತಾಗಿದ್ದು 1953ರಲ್ಲಿ. ಇಂದಿನ ಜೀವಶಾಸ್ತ್ರದಲ್ಲಿ ಜೀವಕೋಶದ ಪೊರೆಯನ್ನು ದಾಟುವ ಅಣುಗಳಿವೆ, ಶಕ್ತಿ ಹೊರುವ ಎಟಿಪಿ ಇದೆ, ಕಿಣ್ವಗಳಿವೆ. ಅಣು ಎಂದರೇನು, ಬಂಧ ಎಂದರೇನು ಎಂದು ತಿಳಿಯದ ಮಗು ಇವನ್ನು ಬಾಯಿಪಾಠ ಮಾಡುವುದು ಬಿಟ್ಟು ಬೇರೇನು ಮಾಡೀತು? 1988ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಲಿಯಾನ್ ಲೆಡರ್‌ಮನ್ ಈ ಕ್ರಮವನ್ನು ತಿರುವುಮುರುವು ಮಾಡಿ, ಮೊದಲು ಭೌತ, ಆಮೇಲೆ ರಸಾಯನ, ಕೊನೆಗೆ ಜೀವಶಾಸ್ತ್ರ ಎಂದು ಪ್ರಚಾರ ಮಾಡಿದ್ದು ಇದೇ ಕಾರಣಕ್ಕೆ. ಕೆಲವು ಶಾಲೆಗಳು ಹಾಗೆ ಮಾಡಿದವು, ಹೆಚ್ಚಿನವು ಮಾಡಲಿಲ್ಲ. 2013ರಲ್ಲಿ ಬಂದ ಹೊಸ ವಿಜ್ಞಾನ ಮಾನದಂಡಗಳ ನಂತರ ಅಲ್ಲಿನ ಹಲವು ಮಾಧ್ಯಮಿಕ ಶಾಲೆಗಳು ಮೂರನ್ನೂ ಸೇರಿಸಿಯೇ ಕಲಿಸುತ್ತಿವೆ. ಅಂದರೆ ನಮ್ಮ ಫೋನಿಗೆ ಬರುವ ಪಟ್ಟಿ ಅಲ್ಲಿಯೇ ಪ್ರಶ್ನೆಗೆ ಒಳಗಾಗಿದೆ.

ನಮ್ಮಲ್ಲಿ ಯಾಕೆ ಹೊಂದುವುದಿಲ್ಲ?

ನಮ್ಮ ವ್ಯವಸ್ಥೆಯಲ್ಲಿ 6ರಿಂದ 10ರವರೆಗೆ ವಿಜ್ಞಾನ ಒಂದೇ ವಿಷಯ. ಒಂದೇ ಸಂಗತಿ ವರ್ಷ ಬಿಟ್ಟು ವರ್ಷ ಮತ್ತೆ ಬರುತ್ತದೆ, ಪ್ರತಿ ಸಲ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಬೆಳಕನ್ನೇ ತೆಗೆದುಕೊಳ್ಳಿ. ಎನ್‌ಸಿಇಆರ್‌ಟಿಯ ಹೊಸ 'ಕ್ಯೂರಿಯಾಸಿಟಿ' ಪುಸ್ತಕಗಳಲ್ಲಿ 7ರಲ್ಲಿ ನೆರಳು ಮತ್ತು ಪ್ರತಿಫಲನ, 8ರಲ್ಲಿ ಕನ್ನಡಿ ಮತ್ತು ಮಸೂರ. 10ಕ್ಕೆ ಬಂದಾಗ ಮಸೂರದ ಸೂತ್ರ ಹಾಕಿ ಬಿಂಬ ಎಷ್ಟು ದೂರದಲ್ಲಿ ಬೀಳುತ್ತದೆ ಎಂದು ಲೆಕ್ಕ ಮಾಡಬೇಕು. ವಿದ್ಯುತ್ತೂ ಹಾಗೆಯೇ: ಬಲ್ಬು-ಬ್ಯಾಟರಿ 7ರಲ್ಲಿ, ತಂತಿ ಬಿಸಿಯಾಗುವುದು ಮತ್ತು ಕಾಂತವಾಗುವುದು 8ರಲ್ಲಿ, ಓಮ್‌ನ ನಿಯಮ 10ರಲ್ಲಿ.

ಈಗ ಫಾರ್ವರ್ಡ್‌ನ ಪಟ್ಟಿ ಹಿಡಿದ ಮಗುವನ್ನು ಊಹಿಸಿಕೊಳ್ಳಿ. 8ರ ನಂತರ ಭೌತಶಾಸ್ತ್ರದ ಮುಖ ನೋಡಿಲ್ಲ. 10ನೇ ತರಗತಿಯ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಮೂರೂ ಭಾಗ ಇರುತ್ತವೆ. ಅದನ್ನು ಹೇಗೋ ದಾಟಿ ಪಿಯುಸಿಗೆ ಹೋದರೆ, ಮೊದಲ ವರ್ಷವೇ ಭೌತ, ರಸಾಯನ, ಜೀವಶಾಸ್ತ್ರ ಒಟ್ಟೊಟ್ಟಿಗೆ, ಅವುಗಳ ಜೊತೆ ಗಣಿತ. ರಸಾಯನ ಶುರುವಾಗುವುದೇ ಮೋಲ್ ಲೆಕ್ಕದಿಂದ. ಭೌತದಲ್ಲಿ ಮೊದಲ ತಿಂಗಳಲ್ಲೇ ಸದಿಶ, ಅವಕಲನ ಬೇಕು. ಗಣಿತದ ಪುಸ್ತಕದಲ್ಲಿ ಅವಕಲನದ ಪಾಠ ಬರುವುದು ಎಷ್ಟೋ ಅಧ್ಯಾಯಗಳ ನಂತರ. (ಈ ಎಡವಟ್ಟು ಶಾಲೆಗೆ ಹೋಗುವ ಮಕ್ಕಳನ್ನೂ ಬಿಟ್ಟಿಲ್ಲ.) ಅಮೆರಿಕದಲ್ಲಿ ವರ್ಷಕ್ಕೊಂದು ವಿಷಯ ನಡೆಯುತ್ತದೆ, ಏಕೆಂದರೆ ಅಲ್ಲಿ 10ನೇ ತರಗತಿಗೆ ಮೂರನ್ನೂ ಒಟ್ಟಿಗೆ ಕೇಳುವ ಬೋರ್ಡ್ ಪರೀಕ್ಷೆ ಇಲ್ಲ.

ಅಲ್ಲಿರುವ ಕನ್ನಡಿಗರಿಗೂ ಇದು ಸಂಬಂಧಪಟ್ಟ ಮಾತು. ಮಗು ಹೈಸ್ಕೂಲಿನ ನಡುವೆ ಊರಿಗೆ ಮರಳುವ ಯೋಚನೆ ಇದ್ದರೆ, ಹೊರಡುವ ವರ್ಷವಾದರೂ ಬಿಟ್ಟುಹೋದ ಭೌತಶಾಸ್ತ್ರವನ್ನು ಮನೆಯಲ್ಲಿ ಓದಿಸಿಕೊಂಡು ಬರುವುದು ಒಳ್ಳೆಯದು.

ಹಾಗಾದರೆ ಯಾವ ಕ್ರಮ?

6, 7, 8ರಲ್ಲಿ ಮೂರನ್ನೂ ಜೊತೆಜೊತೆಗೆ ನಡೆಸಿ. ವಾರಕ್ಕೊಂದು ವಿಷಯವೋ, ತಿಂಗಳಿಗೊಂದು ಪಾಠವೋ, ಅದು ನಿಮ್ಮ ಮನೆಯ ಅನುಕೂಲ. ಮನೆಯಲ್ಲಿ ಓದಿಸುವವರಿಗೆ ಶಾಲೆಗಿಲ್ಲದ ಒಂದು ಸ್ವಾತಂತ್ರ್ಯವಿದೆ: ಪಾಠಗಳನ್ನು ಹಿಂದೆಮುಂದೆ ಮಾಡಬಹುದು. ಅದನ್ನು ಬಳಸಿಕೊಳ್ಳಿ. ವಸ್ತುವೆಲ್ಲ ಕಣಗಳಿಂದ ಆಗಿದೆ ಎಂಬ ಪಾಠ ಮೊದಲು, ಜೀವಕೋಶ ಆಮೇಲೆ. ಗಾಳಿ ಮತ್ತು ಒತ್ತಡ ಮೊದಲು, ಉಸಿರಾಟ ಆಮೇಲೆ. ಅನುಪಾತದ ಲೆಕ್ಕ ಬಂದ ಮೇಲೆ ಸಾಂದ್ರತೆ ಮತ್ತು ವೇಗ. ಮಗುವಿಗೆ ವಿಜ್ಞಾನ ಬರುತ್ತಿಲ್ಲ ಎಂದು ಪೋಷಕರು ಹೇಳುವಾಗ ಎಷ್ಟೋ ಸಲ ಬಾರದಿರುವುದು ಭಿನ್ನರಾಶಿ. ಅದಕ್ಕೆ ವಿಜ್ಞಾನದ ಪುಸ್ತಕ ಬದಲಿಸಿದರೆ ಏನೂ ಆಗದು.

ಪುಸ್ತಕ ಆರಿಸುವಾಗ ಒಂದು ವಿಷಯ ನೋಡಿ. ಅಮೆರಿಕದ ಕೆಲವು ಜನಪ್ರಿಯ ಹೋಮ್‌ಸ್ಕೂಲ್ ಸರಣಿಗಳು ಧಾರ್ಮಿಕ ನಂಬಿಕೆಯ ಮೇಲೆ ಬರೆದವು. ಅವು ಜೀವವಿಕಾಸವನ್ನು ಒಪ್ಪುವುದಿಲ್ಲ. ಚಿತ್ರ ಚೆಂದ ಇದೆ ಎಂದು ತರಿಸಿಕೊಂಡವರಿಗೆ ಇದು ಗೊತ್ತಿರುವುದಿಲ್ಲ. ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದ 2023ರ ಮುದ್ರಣದಿಂದಲೂ ವಿಕಾಸದ ಭಾಗವನ್ನು ಕೈಬಿಟ್ಟಿದ್ದಾರೆ. ಆದರೆ 12ನೇ ತರಗತಿಯ ಜೀವಶಾಸ್ತ್ರದಲ್ಲಿ ಅದು ಇದೆ, ನೀಟ್ ಪಠ್ಯದಲ್ಲೂ ಇದೆ. ಹಾಗಾಗಿ 9-10ರಲ್ಲಿ ನೀವೇ ಅದನ್ನು ಸೇರಿಸಬೇಕು.

"ಆರು ತಿಂಗಳಲ್ಲಿ ಮುಗಿಸಬಹುದು" ನಿಜವೇ?

ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ 1989ರಿಂದ ಇದೆ. 14 ವರ್ಷ ತುಂಬಿದವರು 10ನೇ ತರಗತಿಗೆ ಸಮನಾದ ಪರೀಕ್ಷೆಗೆ ನೋಂದಾಯಿಸಬಹುದು. ಐದು ವಿಷಯ ಸಾಕು, ವಿಜ್ಞಾನ ಕಡ್ಡಾಯವಲ್ಲ. ನೋಂದಣಿ ಐದು ವರ್ಷ ಊರ್ಜಿತ, ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯುವ ಅವಕಾಶ. ಇಷ್ಟು ಸಡಿಲ ಇರುವುದರಿಂದಲೇ "ಆಮೇಲೆ ನೋಡಿಕೊಂಡರಾಯಿತು" ಎಂಬ ಮಾತು ಹುಟ್ಟಿದ್ದು.

ಪರೀಕ್ಷೆ ಪಾಸಾಗುವುದು ಬೇರೆ, ಪಿಯುಸಿ ವಿಜ್ಞಾನ ಓದುವ ಶಕ್ತಿ ಬರುವುದು ಬೇರೆ. ಅಳತೆ ಮಾಡುವುದು, ಅಂದಾಜು ಹಾಕುವುದು, ಗ್ರಾಫ್ ಓದುವುದು, ಪ್ರಯೋಗ ತಪ್ಪಿದಾಗ ಯಾಕೆ ಎಂದು ಹುಡುಕುವುದು ಆರು ತಿಂಗಳ ಗೈಡಿನಿಂದ ಬರುವುದಿಲ್ಲ. ಗಣಿತ, ವಿಜ್ಞಾನ ಎರಡನ್ನೂ ಬಿಟ್ಟು 10 ಮುಗಿಸಿದ ಮಗು 15ನೇ ವಯಸ್ಸಿನಲ್ಲಿ ಡಾಕ್ಟರಾಗಬೇಕು ಎಂದರೆ, ಕಾಲೇಜು ಕೇಳುವ ಮೊದಲ ಕಾಗದವೇ ಅದರ ಕೈಯಲ್ಲಿರುವುದಿಲ್ಲ.

ನೀಟ್ ಮತ್ತು ಸಿಇಟಿ

ಮುಕ್ತ ಶಾಲೆಯವರಿಗೆ ವೈದ್ಯಕೀಯ ಪ್ರವೇಶವಿಲ್ಲ ಎಂಬ ನಿಯಮ ಒಮ್ಮೆ ಇದ್ದದ್ದು ನಿಜ. 2018ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ, ಮಾನ್ಯತೆ ಪಡೆದ ಮುಕ್ತ ಶಾಲೆಗಳಲ್ಲಿ ಓದಿದವರೂ ನೀಟ್‌ಗೆ ಅರ್ಹರು ಎಂಬುದು ಸುಪ್ರೀಂ ಕೋರ್ಟ್‌ನಲ್ಲೂ ಸ್ಪಷ್ಟವಾಯಿತು. 12ರಲ್ಲಿ ಜೀವಶಾಸ್ತ್ರ ಇಲ್ಲದವರು ಅದನ್ನು ಹೆಚ್ಚುವರಿ ವಿಷಯವಾಗಿ ಬರೆದು ಅರ್ಹತೆ ಪಡೆಯಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ದಾರಿ ಮಾಡಿಕೊಟ್ಟಿದೆ. ಐದು ವಿಷಯಗಳಲ್ಲಿ ಎನ್‌ಐಒಎಸ್ 12 ಪಾಸಾದವರು ಜೆಇಇ ಮೇನ್ ಬರೆಯಬಹುದು.

ಆದರೆ ಯಾವ ಫಾರ್ವರ್ಡ್‌ನಲ್ಲೂ ಬಾರದ ಒಂದು ನಿಯಮ ಕರ್ನಾಟಕದ ಪೋಷಕರಿಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ರಾಜ್ಯದ ಕೋಟಾದಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಸೀಟು ಪಡೆಯಲು ಕೆಇಎ ಸಾಮಾನ್ಯವಾಗಿ ಕೇಳುವುದು, 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ-ಕಾಲೇಜುಗಳಲ್ಲಿ ಓದಿರಬೇಕು, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸಾಗಿರಬೇಕು ಎಂದು. ಮನೆಯಲ್ಲಿ ಓದಿದ ವರ್ಷಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಎಲ್ಲಿಂದ ಬರಬೇಕು? 5ನೇ ತರಗತಿವರೆಗೆ ಶಾಲೆಗೆ ಹೋಗಿ, ಆಮೇಲೆ ಮನೆಯಲ್ಲಿ ಓದಿ, ಪಿಯುಸಿ ಎರಡು ವರ್ಷ ಕಾಲೇಜಿನಲ್ಲಿ ಓದಿದರೆ ಲೆಕ್ಕ ಸರಿಯಾಗಿ ಏಳಕ್ಕೆ ಮುಟ್ಟುತ್ತದೆ. 4ರಲ್ಲೇ ಬಿಡಿಸಿದರೆ ಆರಕ್ಕೆ ನಿಲ್ಲುತ್ತದೆ. ಪೋಷಕರ ವ್ಯಾಸಂಗ, ಉದ್ಯೋಗ ಇತ್ಯಾದಿ ಆಧಾರದ ಬೇರೆ ಕಲಂಗಳೂ ಇವೆ. ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಿಕೆಯನ್ನು ನೀವೇ ಓದಿ, ಗುಂಪಿನಲ್ಲಿ ಕೇಳಬೇಡಿ.

ಪ್ರಯೋಗ ಎಲ್ಲಿ ಮಾಡುವುದು?

8ರವರೆಗೆ ಅಡುಗೆಮನೆಯೇ ಧಾರಾಳ. ಅರಿಶಿನದ ನೀರಿಗೆ ಸೋಪು ಹಾಕಿದರೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ದಾರಕ್ಕೆ ಕಲ್ಲು ಕಟ್ಟಿ ತೂಗಾಡಿಸಿ: ಒಂದು ಮೀಟರ್ ದಾರ ಹೋಗಿ ಬರಲು ಸುಮಾರು ಎರಡು ಸೆಕೆಂಡ್ ತೆಗೆದುಕೊಳ್ಳುತ್ತದೆ, ಕಾಲು ಮೀಟರ್ ದಾರ ಸುಮಾರು ಒಂದು ಸೆಕೆಂಡ್. ಕಲ್ಲು ಭಾರವಾದರೂ ಅಷ್ಟೇ, ಹಗುರವಾದರೂ ಅಷ್ಟೇ. ಅರವಿಂದ್ ಗುಪ್ತಾ ಅವರ ಜಾಲತಾಣದಲ್ಲಿ ಕಸದಿಂದ ಮಾಡುವ ಇಂಥ ಆಟಿಕೆಗಳು ಉಚಿತವಾಗಿ ಸಿಗುತ್ತವೆ. ಮಾಡಿದ್ದನ್ನೆಲ್ಲ ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿ ಮಾತ್ರ ಎಂದೂ ಬೆರೆಯಬಾರದು, ಕ್ಲೋರಿನ್ ವಿಷಾನಿಲ ಬರುತ್ತದೆ.

9ರಿಂದ ಮೇಲೆ ಮನೆ ಸಾಲದು. ಎನ್‌ಐಒಎಸ್‌ನಲ್ಲಿ ವಿಜ್ಞಾನ ತೆಗೆದುಕೊಂಡರೆ ಪ್ರಾಯೋಗಿಕ ಪರೀಕ್ಷೆ ಇದೆ. ಕೇಂಬ್ರಿಡ್ಜ್ ಐಜಿಸಿಎಸ್‌ಇಯಲ್ಲಿ ಪ್ರಯೋಗಾಲಯದ ಬದಲು ಬರವಣಿಗೆಯಲ್ಲೇ ಉತ್ತರಿಸುವ ಪತ್ರಿಕೆಯನ್ನು ಆರಿಸಬಹುದು, ಆದರೆ ಖಾಸಗಿ ಅಭ್ಯರ್ಥಿಗಳನ್ನು ಎಲ್ಲ ಪರೀಕ್ಷಾ ಕೇಂದ್ರಗಳೂ ತೆಗೆದುಕೊಳ್ಳುವುದಿಲ್ಲ. ಎನ್‌ಐಒಎಸ್ ಅಧ್ಯಯನ ಕೇಂದ್ರ ಆರಿಸುವ ಮುನ್ನ ಒಮ್ಮೆ ಹೋಗಿ, ಪ್ರಯೋಗಾಲಯ ತೋರಿಸಿ ಎಂದು ಕೇಳಿ. ಮಕ್ಕಳ ಕೈಯಲ್ಲೇ ಮಾಡಿಸುತ್ತಾರೋ, ಬರೀ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿ ಕಳಿಸುತ್ತಾರೋ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ, ಅಲ್ಲಿ ಓದುತ್ತಿರುವ ಒಬ್ಬಿಬ್ಬರು ಮಕ್ಕಳಿಂದ ತಿಳಿದುಕೊಳ್ಳಿ.